ಮಡಿಕೆಯೊಳಗಿನ ನೀಲಿ

ಜಪಾನಿನ ಒಂದು ಮನೆಯಲ್ಲಿ, ಮರದ ಪೆಟ್ಟಿಗೆಯೊಳಗೆ, ಹಳೆಯ ರೇಷ್ಮೆ ಕಿಮೊನೊ ಒಂಟಿಯಾಗಿ ಮಲಗಿತ್ತು. ಅದನ್ನು ಹೊಲಿದು ಉಟ್ಟಿದ್ದ ಕಿನು ಅಜ್ಜಿ ತೀರಿಕೊಂಡ ಮೇಲೆ ಯಾರೂ ಅದನ್ನು ಮೈಗೆ ತಾಕಿಸಿರಲಿಲ್ಲ. ಒಂದು ದಿನ ಮೊಮ್ಮಗಳು ಸಯೊ ಅದನ್ನು ಹೊರಗೆ ತೆಗೆದು ಉಟ್ಟು ನೋಡಿದಳು. ತೋಳು ಮಣಿಕಟ್ಟಿನವರೆಗೆ ಬರಲಿಲ್ಲ. ಅವಳು ಅದನ್ನು ಚಾಪೆಯ ಮೇಲೆ ಹರಡಿ, ಅಜ್ಜಿಯ ಕತ್ತರಿಯನ್ನು ಕೈಗೆತ್ತಿಕೊಂಡಳು.

"ನಿಲ್ಲು," ಎಂದಿತು ಕಿಮೊನೊ. "ಈ ಹೊಲಿಗೆ ಅಜ್ಜಿಯ ಕೈಯದು. ನನ್ನ ಪಾಲಿಗೆ ಉಳಿದಿರುವುದು ಅದೊಂದೇ."

"ನಾನು ಬಟ್ಟೆ ಕತ್ತರಿಸುವುದಿಲ್ಲ. ದಾರ ಮಾತ್ರ ಬಿಡಿಸುತ್ತೇನೆ," ಎಂದಿತು ಕತ್ತರಿ.

"ನಾನು ಬೇಡ ಎನ್ನುತ್ತಿರುವುದೂ ಅದನ್ನೇ. ನನ್ನನ್ನು ಹೀಗೇ ಪೆಟ್ಟಿಗೆಗೆ ಹಾಕಿಬಿಡಲಿ."

"ಅಲ್ಲಿ ನಿನಗೆ ಯಾರಿದ್ದಾರೆ?"

ಕತ್ತರಿ ತೋಳಿನ ಹೊಲಿಗೆ ಬಿಚ್ಚಿತು. ಒಳಗೆ ಮಡಿಚಿಟ್ಟಿದ್ದ ಬಟ್ಟೆ ಹೊರಗೆ ಬಂತು. ಕಿಮೊನೊದ ಮೈಯೆಲ್ಲ ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ಬಿಸಿಲು ಕಾಣದ ಆ ಪಟ್ಟಿ ಮಾತ್ರ ಇನ್ನೂ ಕಡುನೀಲಿಯಾಗಿತ್ತು.

"ಇದೇನು?" ಎಂದು ಕೇಳಿತು ಕಿಮೊನೊ.

"ಅಜ್ಜಿ ಗಿಡ್ಡ. ಆದರೂ ಹೆಚ್ಚಿನ ಬಟ್ಟೆಯನ್ನು ಕತ್ತರಿಸಲು ನನಗೆ ಬಿಡಲಿಲ್ಲ. ಮುಂದೆ ಉಡುವವಳು ಎತ್ತರವಿದ್ದರೆ ಬೇಕಾದೀತು ಎಂದು ಒಳಗೆ ಮಡಿಚಿ ಹೊಲಿದಳು. ಆಗ ಸಯೊ ಹುಟ್ಟಿಯೇ ಇರಲಿಲ್ಲ."

"ಇಷ್ಟು ವರ್ಷ ನಾನು ಅಜ್ಜಿಗಾಗಿ ಕಾದೆ," ಎಂದಿತು ಕಿಮೊನೊ. "ಅಜ್ಜಿ ಕಾಯುತ್ತಿದ್ದದ್ದು ಇವಳಿಗಾಗಿ."

ಆಮೇಲೆ ಅದು ಇನ್ನೊಂದು ತೋಳನ್ನು ತಾನಾಗಿಯೇ ಕತ್ತರಿಯ ಮುಂದೆ ಚಾಚಿತು.