ಮನೆ ಇಲ್ಲದವರ ಲೆಕ್ಕ

ಹೊಳೆದಂಡೆಯ ಆಶ್ರಮದಲ್ಲಿ ಕೊಟ್ಟೂರಯ್ಯ ಅಂತ ಒಬ್ಬ ಗುರು ಇದ್ದ. ಕೇಳಿದವರಿಗೆ ಜ್ಞಾನ, ಕೆಮ್ಮಿದವರಿಗೆ ಕಷಾಯದ ಪುಡಿ ಕೊಡುತ್ತಿದ್ದ. ಪುಡಿಗೇ ಗಿರಾಕಿ ಜಾಸ್ತಿ.

ಅವನ ಶಿಷ್ಯ ದುಗ್ಗ. ಓದಿದ್ದು ಅರ್ಧ, ಮಾತಾಡಿದ್ದು ಅದರ ಹತ್ತರಷ್ಟು.

ಮಾಗಿಯ ಚಳಿ ಹತ್ತಿರ ಬಂದಿತ್ತು. ಊರ ಗೌಡ ಹೇಳಿಕಳಿಸಿದ: "ಮಧ್ಯಾಹ್ನ ಬಿದಿರಿನ ತೆಪ್ಪ ಬರ್ತದೆ. ಮನೆ ಇಲ್ಲದವರು ಎಷ್ಟು ಮಂದಿ ಹೇಳಿ, ಅಷ್ಟು ಗುಡಿಸಲಿಗೆ ಬಿದಿರು ಇಳಿಸ್ತೀವಿ. ಯಾರೂ ಇಲ್ಲ ಅಂದ್ರೆ ತೆಪ್ಪ ಮುಂದಿನ ಊರಿಗೆ."

ಗುರು ದುಗ್ಗನಿಗೆ ಒಂದು ಚೀಲ, ಬೊಗಸೆ ಹೊಂಗೆ ಬೀಜ ಕೊಟ್ಟ. "ಮನೆ ಇಲ್ಲದ ಒಬ್ಬೊಬ್ಬರಿಗೆ ಒಂದೊಂದು ಬೀಜ ಚೀಲಕ್ಕೆ ಹಾಕು."

ಬಿಸಿಲೇರುವ ಮುಂಚೆಯೇ ದುಗ್ಗ ವಾಪಸ್ ಬಂದ. ಚೀಲ ಖಾಲಿ, ಮುಖದ ತುಂಬ ನಗು.

"ಗುರುವೇ, ನಮ್ಮದು ಭಾಗ್ಯವಂತರ ಊರು. ಮನೆ ಇಲ್ಲದವರೇ ಇಲ್ಲ!"

"ಯಾರನ್ನ ಕೇಳಿದೆ?"

"ಹೊಳೆಮಂಟಪದಲ್ಲಿ ಮಲಗ್ತಾಳಲ್ಲ ಹೊನ್ನೂರವ್ವ, ಅವಳನ್ನ. 'ಅಜ್ಜಿ, ಮನೆ ಐತಾ?' ಅಂದೆ. 'ಇಲ್ಲದೆ ಏನೋ! ಆರು ಕಂಬದ ಮನೆ' ಅಂದಳು. ಅಟ್ಟದ ಮೇಲೆ ಬೆಲ್ಲದ ಗಡಿಗೆಯಂತೆ. ಕದಿಯೋಕೆ ಇಲಿಯಲ್ಲ, ಇರುವೆಯಲ್ಲ, ಅವಳ ಗಂಡನೇ ಹತ್ತುತ್ತಿದ್ದನಂತೆ!"

"ಆಮೇಲೆ?"

"ಅರಳಿಕಟ್ಟೆ ಮೇಲೆ ಮಲಗ್ತಾನಲ್ಲ ಕಲ್ಲುಕುಟಿಗ ಬುಡ್ಡಯ್ಯ, ಅವನನ್ನ. ಅವನ ಬಾಗಿಲು ಎಷ್ಟು ಗಿಡ್ಡ ಅಂದ್ರೆ, ಬೀಗರು ಬಂದಾಗಲೆಲ್ಲ ಇವನಿಗೆ ತಲೆಬಾಗಿಯೇ ಒಳಗೆ ಬರಬೇಕಂತೆ. ಅದನ್ನ ಹೇಳಿ ಹೇಳಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕ."

ಹೇಳುತ್ತ ಹೇಳುತ್ತ ದುಗ್ಗನ ದನಿ ತಾನಾಗೇ ತಗ್ಗಿತು. ಅವ್ವ ಸಗಣಿ ಸಾರಿಸಿದ ನೆಲ, ಅಂಗಾಲಿಗೆ ತಾಗುತ್ತಿದ್ದ ಅದರ ತಂಪು, ಎಲ್ಲಿಂದಲೋ ನೆನಪಾಗಿತ್ತು.

ಗುರು ಖಾಲಿ ಚೀಲವನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಒಂದು ಪೊಟ್ಟಣದ ಜೊತೆ ಚೀಲವನ್ನೂ ಮತ್ತೆ ಅವನ ಕೈಗಿಟ್ಟ.

"ಹೊನ್ನೂರವ್ವನ ಕೆಮ್ಮಿಗೆ. ಎಂಟು ಲೋಟ ನೀರು ಒಂದು ಲೋಟಕ್ಕೆ ಇಳಿಯೋ ತನಕ ಕುದಿಸಬೇಕು. ಅವಳ ಮನೇಲಿ ನೀನೇ ಕುದಿಸಿ, ಕುಡಿಸಿ ಬಾ."

"ಈಗಲಾ? ತೆಪ್ಪ ಬರೋ ಹೊತ್ತು!"

"ಅದಕ್ಕೇ ಓಡು."

ದುಗ್ಗ ಓಡಿದ. ಮರಳಿ ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಪಂಚೆಯ ಮಡಿಲಿನಿಂದ ಪೊಟ್ಟಣಗಳನ್ನು ಗುರುವಿನ ಮುಂದೆ ಸುರಿದ.

"ಹನ್ನೊಂದು ಪೊಟ್ಟಣ. ಒಂದನ್ನೂ ಬಿಚ್ಚಿಲ್ಲ, ತಲೆದಿಂಬು ಮಾಡ್ಕೊಂಡಿದ್ದಳು. 'ಒಲೆ ಎಲ್ಲೈತೆ ಮಗಾ ಕುದಿಸೋಕೆ?' ಅಂದಳು. ಎದೆ ಗೊರಗೊರ ಅಂತೈತೆ."

"ಮನೆ ಐತೆ ಅಂದಿದ್ದಳಲ್ಲ?"

"ನಾನೂ ಬೈದೆ, ಸುಳ್ಳಿ ಅಂತ. ಆರೂ ಕಂಬ ಹೊಳೆಯಲ್ಲಿ ತೇಲಿಹೋಗಿ ಎಷ್ಟೋ ವರ್ಷ ಆಯ್ತಂತೆ. 'ಇಲ್ಲ ಅಂದುಬಿಟ್ರೆ ಅದೂ ಹೋಗಿಬಿಡ್ತದಲ್ಲೋ' ಅಂದಳು."

ದುಗ್ಗ ಕಣ್ಣೊರೆಸಿಕೊಂಡ. ಬೆವರು ಅಂತ ತೋರಿಸಿಕೊಂಡ.

"ಬುಡ್ಡಯ್ಯಂಗೆ ಕಾಲಿನ ಹುಣ್ಣು ಒಣಗಿಸಿಟ್ಕೋ ಅಂದಿದ್ರಿ. ಅವನು ಮಲಗೋ ಜಾಗ ಇಬ್ಬನಿಗೆ ತೊಯ್ದು ತೊಪ್ಪೆ. ಅದಕ್ಕೇ ಈ ಸಲ ಮನೆ ಸುದ್ದಿ ಎತ್ತಲಿಲ್ಲ. 'ನಿನ್ನೆ ನೀರು ಎಲ್ಲಿ ಕಾಯಿಸಿದೆ?' ಅಂತ ಎಲ್ಲರನ್ನೂ ಕೇಳಿದೆ."

ಚೀಲ ಮುಂದಿಟ್ಟ. ಇಪ್ಪತ್ತಮೂರು ಬೀಜ.

ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟ: "ಹನ್ನೊಂದು ಸಲ ಪುಡಿ ಕೊಟ್ರಲ್ಲ ಗುರುವೇ, ಒಂದು ಸಲಾನೂ ಕೇಳಲಿಲ್ವಾ?"

ಗುರು ತಲೆ ತಗ್ಗಿಸಿದ. "ಇಲ್ಲ. ನಾನು ಬರೀ ಕೆಮ್ಮು ಎಣಿಸ್ತಿದ್ದೆ. ಇವತ್ತು ನಿನ್ನ ಖಾಲಿ ಚೀಲ ನೋಡಿದಾಗ ಹೊಳೀತು."

ಅಷ್ಟರಲ್ಲಿ ಹೊಳೆಯ ಕಡೆಯಿಂದ ತೆಪ್ಪದವರ ಕೂಗು. ದುಗ್ಗ ಚೀಲ ಎತ್ತಿಕೊಂಡು ಓಡಿದವನು ದಡದಲ್ಲೂ ನಿಲ್ಲಲಿಲ್ಲ. ಎದೆಮಟ್ಟದ ನೀರಿಗಿಳಿದು, ಚೀಲ ತಲೆಮೇಲೆತ್ತಿ, "ಇಪ್ಪತ್ತಮೂರು! ಇಪ್ಪತ್ತಮೂರು!" ಅಂತ ಗಂಟಲು ಹರಿದುಕೊಂಡ.

ತೆಪ್ಪ ನಿಂತಿತು.

ವಾರದೊಳಗೆ ಮೊದಲ ಗುಡಿಸಲು ಎದ್ದಿತು. ಒಲೆಯ ಹಸಿಮಣ್ಣು ಇನ್ನೂ ಆರಿರಲಿಲ್ಲ. ಹೊನ್ನೂರವ್ವ ಒಳಗೆ ಬಂದು ಸುತ್ತ ನೋಡಿ ಮೂಗು ಮುರಿದಳು.

"ಇದೂ ಒಂದು ಮನೆಯೇನೋ? ನಮ್ಮನೆಗೆ ಆರು ಕಂಬ."

"ಇದಕ್ಕೂ ಆರೇ ಅಜ್ಜಿ," ಮಾಡಿನ ಮೇಲೆ ಹುಲ್ಲು ಹೊದಿಸುತ್ತಿದ್ದ ದುಗ್ಗ ಅಂದ. "ಐದು ಕಾಣಲ್ಲ, ಅಷ್ಟೆ."

ಮುದುಕಿ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಹೊಳೆಯ ಗಾಳಿ ಗೋಡೆ ಮೇಲಿನ ಸಂದಿಯಿಂದ ನುಗ್ಗುತ್ತಿತ್ತು.

ದುಗ್ಗ ಕೆಳಗೆ ಬಗ್ಗಿ ಕೇಳಿದ: "ಗುರುವೇ, ಅಜ್ಜಿಗೆ ಇನ್ನೇನು ಔಷಧಿ?"

ಗುರು ಇನ್ನೊಂದು ಹೊರೆ ಹುಲ್ಲು ಮೇಲಕ್ಕೆತ್ತಿ ಕೊಟ್ಟ.

"ಸೂರು ಇನ್ನೊಂದು ಗೇಣು ಕೆಳಗಿಳಿಸು."