ದೊಡ್ಡಮ್ಮ ಏಡಿಯ ನೀಲಿ ರಕ್ತ

ಅಲೆ ಬಡಿಯುವ ಬಂಡೆಯ ಬಿರುಕಿನಲ್ಲಿ ಒಂದು ಮುದಿ ಏಡಿ ವಾಸವಾಗಿತ್ತು. ತನ್ನ ವಂಶದ ರಕ್ತ ನೀಲಿಯೆಂದು ಅದಕ್ಕೆ ಬಲು ಹೆಮ್ಮೆ. ಒಂದು ದಿನ ಕೆಸರುಗುಂಡಿಯಿಂದ ಕಾಲು ಮುರಿದ ಎಳೆಯ ಏಡಿಯೊಂದು ತೆವಳುತ್ತಾ ಬಂತು.

"ದೊಡ್ಡಮ್ಮಾ, ನಾನು ನಿಮ್ಮ ತಂಗಿಯ ಮಗಳು. ಗುಂಡಿಯ ನೀರು ಕೊಳೆತು ಉಸಿರು ಕಟ್ಟುತ್ತಿದೆ. ಒಂದು ಮೂಲೆ ಕೊಡಿ."

ಮುದಿ ಏಡಿ ಗಾಯವನ್ನು ನೋಡಿತು. ಒಸರುತ್ತಿದ್ದ ರಕ್ತಕ್ಕೆ ಬಣ್ಣವೇ ಇರಲಿಲ್ಲ.

"ನನ್ನ ತಂಗಿಯ ಮಗಳಂತೆ! ಮೈಯಲ್ಲಿ ಹರಿಯೋದು ಬರೀ ನೀರು. ಬಂದ ದಾರಿ ಹಿಡಿ."

ಎಳೆಯ ಏಡಿ ತೆವಳುತ್ತಾ ಗುಂಡಿಗೆ ಹಿಂದಿರುಗಿತು.

ಕೆಲವು ದಿನಗಳಲ್ಲೇ ಮರಳು ಕುಸಿದು ಬಿರುಕಿನ ಬಾಯಿ ಮುಚ್ಚಿತು. ಒಳಗಿನ ನೀರು ಕೊಳೆಯಿತು. ಉಸಿರು ಕಟ್ಟಿ, ಮರಳು ತೋಡುವಾಗ ಮುದಿ ಏಡಿಯ ಕಾಲೂ ಮುರಿಯಿತು. ಒಸರಿದ ರಕ್ತಕ್ಕೆ ಬಣ್ಣವಿರಲಿಲ್ಲ. ಕೊನೆಗೊಂದು ದೊಡ್ಡ ಅಲೆ ಮರಳನ್ನು ಕೊಚ್ಚಿಕೊಂಡು ಹೋಯಿತು. ಹೊಸ ನೀರು ನುಗ್ಗಿ ಉಸಿರು ತುಂಬಿದಂತೆ ರಕ್ತ ಮತ್ತೆ ನೀಲಿಯಾಯಿತು.

ಏಡಿ ಕುಂಟುತ್ತಾ ಗುಂಡಿಗೆ ಧಾವಿಸಿತು. "ಮಗಳೇ, ಬಾರೇ! ನಮ್ಮ ಮನೆಯಲ್ಲಿ ಒಂದು ಗಳಿಗೆ ನಿಂತಿದ್ದರೆ ನಿನ್ನದೂ ನೀಲಿಯಾಗುತ್ತಿತ್ತು!"

ಗುಂಡಿಯ ಬಸವನಹುಳು ತಲೆ ಹೊರಹಾಕಿತು. "ತಡಮಾಡಿದಿರಿ ಕಣಮ್ಮಾ. ಸಾಯುವವರೆಗೂ ಅವಳು ನಿಮ್ಮನ್ನು ಬೈಯಲಿಲ್ಲ. ದೊಡ್ಡಮ್ಮನಿಗೆ ಕಣ್ಣು ಮಂಜಾಗಿದೆ, ಪಾಪ, ಗುರುತು ಸಿಗಲಿಲ್ಲ ಅಂತಿದ್ದಳು."