ಸಿಟ್ಟು ಮಾಡದ ಕೂಸು

"ಮೇಡಂ, ನಿಮಗೆ ಹೇಗೆ ಗೊತ್ತಾಯಿತು?"

ಕೇಳಿದವಳು ಇಂಚರ, ನವಜಾತ ಶಿಶುಗಳ ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರು. ಕೇಳಿಸಿಕೊಂಡವರು ಡಾಕ್ಟರ್ ಪಂಕಜಾಕ್ಷಿ, ಆ ವಾರ್ಡಿನಲ್ಲಿ ಮೂವತ್ತು ವರ್ಷದಿಂದ ಮಕ್ಕಳನ್ನು ನೋಡುತ್ತಿರುವವರು.

ಆರನೇ ತೊಟ್ಟಿಲಿನಲ್ಲಿ ಹುಟ್ಟಿ ಐದು ದಿನವಾದ ಹೆಣ್ಣು ಮಗುವಿತ್ತು. ಬೆಳಿಗ್ಗೆ ಇಂಚರ ಅದನ್ನು ನೋಡಿದ್ದಳು. ಜ್ವರವಿರಲಿಲ್ಲ. ಉಸಿರು, ಎದೆಬಡಿತ ಎಲ್ಲವೂ ಇರಬೇಕಾದಷ್ಟೇ ಇದ್ದವು. ಸುಮ್ಮನೆ ಮಲಗಿದೆ, ಒಳ್ಳೆಯ ಮಗು ಎಂದುಕೊಂಡು ಮುಂದೆ ಹೋಗಿದ್ದಳು. ಅರ್ಧ ಗಂಟೆಯ ಮೇಲೆ ಬಂದ ಪಂಕಜಾಕ್ಷಿಯವರು ಅದರ ಅಂಗಾಲನ್ನು ಬೆರಳಿನಿಂದ ಒಮ್ಮೆ ತಟ್ಟಿ, ಸ್ವಲ್ಪ ಹೊತ್ತು ನಿಂತರು. ರಕ್ತಕ್ಕೆ ಸೋಂಕು ತಗುಲಿರಬಹುದು, ಪರೀಕ್ಷೆಗೆ ರಕ್ತ ಕಳಿಸಿ ಈಗಲೇ ಔಷಧ ಶುರು ಮಾಡು ಎಂದರು. ಔಷಧ ಶುರುವಾಗಿತ್ತು. ವರದಿ ಬರಲು ಇನ್ನೂ ಎರಡು ದಿನವಿತ್ತು.

"ನೀವು ನೋಡಿದ್ದನ್ನೆಲ್ಲ ನಾನೂ ನೋಡಿದ್ದೆ. ನನಗೆ ಕಾಣದ್ದು ನಿಮಗೆ ಏನು ಕಂಡಿತು?"

ಪಂಕಜಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತುಕೋ. ನಮ್ಮಜ್ಜಿ ಹೇಳುತ್ತಿದ್ದ ಒಂದು ಕತೆಯಿದೆ. ಇದರಲ್ಲಿ ಬರುವಂಥ ಹೆಂಗಸರು ಈಗ ಅಷ್ಟಾಗಿ ಯಾರ ಮನೆಗೂ ಬರುವುದಿಲ್ಲ."

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವನಿಗೊಂದು ಮಗುವಾಯಿತು. ಮಗುವಿಗೆ ನೀರೆರೆಯಲು ದಿನವೂ ಒಬ್ಬ ಹೆಂಗಸು ಬರುತ್ತಿದ್ದಳು. ಆ ಪೇಟೆಯ ಮುಕ್ಕಾಲು ಪಾಲು ಜನ ಆಕೆಯ ಕಾಲ ಮೇಲೆ ಮಲಗಿ ಮಿಂದು ಬೆಳೆದವರು.

ಆಕೆ ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವಳು. ಮೊದಲ ಚೊಂಬಿಗೇ ಮಗು ಕಿರುಚುತ್ತಿತ್ತು. ಎರಡು ಹಿಮ್ಮಡಿಯಿಂದ ಆಕೆಯ ತೊಡೆಗೆ ಒದೆಯುತ್ತಿತ್ತು. ಬೀದಿಯ ಅಂಗಡಿಯವರು ಆ ಕೂಗು ಕೇಳಿ, ಗಡಿಯಾರ ನೋಡದೆ, "ಒಂಬತ್ತಾಯ್ತು" ಎನ್ನುತ್ತಿದ್ದರು.

ವ್ಯಾಪಾರಿಯ ತಾಯಿ ಬಾಗಿಲಲ್ಲೇ ನಿಂತು ಗದರುವಳು: "ಮೆಲ್ಲಗೆ ಕಣೇ! ಹನ್ನೊಂದು ವರ್ಷ ಕಾದು ಪಡೆದದ್ದು, ಒಗೆಯೋ ಬಟ್ಟೆಯಲ್ಲ."

"ನನಗೆ ಬೈತಾ ಇದೆ, ಬೈಲಿ ಬಿಡಿ ಅಮ್ಮಾವ್ರೇ. ನನ್ನ ತೊಡೆ ನೋಡಿ, ಹೇಗೆ ಒದ್ದಿದೆ."

ಹನ್ನೆರಡನೆಯ ದಿನ ತೊಟ್ಟಿಲು ಶಾಸ್ತ್ರ. ಮನೆ ತುಂಬ ನೆಂಟರು. ಅಂದು ಆಕೆ ಮೊದಲ ಚೊಂಬು ಎರೆದಳು. ಮಗು ಅಳಲಿಲ್ಲ. ಎರಡನೆಯದು ಎರೆದಳು. ಬಾಯಿ ಒಂದಿಷ್ಟು ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

ಬಾಗಿಲಲ್ಲಿದ್ದ ಮಗುವಿನ ಅಜ್ಜಿಗೆ ಹಿಗ್ಗೋ ಹಿಗ್ಗು. "ನೋಡ್ರೇ ಜಾಣನ್ನ! ಇವತ್ತು ಹೆಸರಿಡ್ತಾರೆ ಅಂತ ಅವನಿಗೂ ತಿಳಿದುಬಿಟ್ಟಿದೆ. ಎಷ್ಟು ಗಾಂಭೀರ್ಯ!"

ನೆಂಟರು ನಕ್ಕರು. ನೀರೆರೆಯುವವಳ ಕೈಯಲ್ಲಿ ಚೊಂಬು ಹಾಗೇ ನಿಂತಿತು. ಆಕೆಯ ತೊಡೆಯ ಮೇಲೆ ಹಿಮ್ಮಡಿ ಎರಡೂ ಸುಮ್ಮನೆ ಒರಗಿದ್ದವು. ಆಕೆ ಮಗುವನ್ನು ಒರೆಸಿ ಬಟ್ಟೆ ಸುತ್ತಿದಳು. ಎರೆದ ನೀರು ಬಿಸಿಯಾಗಿತ್ತು, ಅಂಗಾಲು ಮಾತ್ರ ತಣ್ಣಗಿತ್ತು. ಶುಭದ ದಿನ ಕೆಟ್ಟ ಮಾತು ಆಡಿದರೆ ಈ ಮನೆಯ ಬಾಗಿಲು ತನಗೆ ಮುಚ್ಚುತ್ತದೆ, ಮಾತು ಪೇಟೆಯೆಲ್ಲ ಹಬ್ಬುತ್ತದೆ ಎಂದು ಆಕೆಗೆ ಗೊತ್ತಿತ್ತು. ಆಡದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅಂಥ ಒಂದು ಕೂಸನ್ನು ಹಿಂದೆ ಆಕೆ ನೋಡಿದ್ದಳು, ಅದು ಮಾರನೆಯ ದಿನಕ್ಕೆ ಉಳಿದಿರಲಿಲ್ಲ.

ಬಾಣಂತಿಯನ್ನು ಕೇಳಿದಳು: "ಬೆಳಿಗ್ಗೆ ಹಾಲು ಕುಡೀತಾ ತಾಯಿ?"

"ಎರಡು ಗುಟುಕು. ಆಮೇಲೆ ನಿದ್ದೆ. ಎಲ್ಲರೂ ಎತ್ಕೊಂಡು ದಣಿಸಿದ್ರು ಅಂದ್ಕೊಂಡೆ."

"ಕಣ್ಣು ತಾಗಿದೆ. ಮೆಣಸಿನಕಾಯಿ ನಿವಾಳಿಸಿದರೆ ಸರಿಹೋಗತ್ತೆ. ಇಲ್ಲಿ ಕೊಡು" ಎಂದು ಅಜ್ಜಿ ಕೈ ಚಾಚಿದಳು.

ಆಕೆ ಮಗುವನ್ನು ಕೊಡಲಿಲ್ಲ. "ಗಾಡಿ ಕಟ್ಟಿಸಿ ಯಜಮಾನ್ರೇ, ಆಸ್ಪತ್ರೆಗೆ ಹೋಗಬೇಕು."

ವ್ಯಾಪಾರಿ ಮಗುವಿನ ಹಣೆ ಮುಟ್ಟಿ ನೋಡಿದ. "ಜ್ವರ ಇಲ್ಲವಲ್ಲ."

"ಜ್ವರ ಇಲ್ಲ ಯಜಮಾನ್ರೇ. ಸಿಟ್ಟೂ ಇಲ್ಲ."

ಅಜ್ಜಿ ಬೈದಳು. ನೆಂಟರು ಮುಖ ತಿರುಗಿಸಿದರು. ಬಾಣಂತಿ ಮಾತ್ರ ಎದ್ದು, ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸಿಲು ದಾಟಿದಳು. ಅವಳು ಹೊರಟಮೇಲೆ ಗಾಡಿ ಕಟ್ಟದೆ ವಿಧಿಯಿರಲಿಲ್ಲ.

ಆಸ್ಪತ್ರೆಯ ವೈದ್ಯ ಮಗುವನ್ನು ನೋಡಿದ. ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. "ಏನು ತೊಂದರೆ?" ಎಂದ.

"ದಿನಾ ಎರೆಯುವಾಗ ಒದೀತಿತ್ತು. ಇವತ್ತು ಒದೀಲಿಲ್ಲವಂತೆ" ಎಂದಳು ಬಾಣಂತಿ.

ವೈದ್ಯನಿಗೆ ನಗು ಬಂತು. "ಯಾರು ಹಾಗಂದದ್ದು?" ಎಂದು ತಲೆಯೆತ್ತಿದ. ಬಾಗಿಲಲ್ಲಿ ನಿಂತವಳನ್ನು ಕಂಡು ನಗು ನಿಲ್ಲಿಸಿದ. ಅವನೂ ಅದೇ ಪೇಟೆಯವನು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ವರದಿಗೆ ಕಾಯದೆ ಔಷಧ ಶುರು ಮಾಡಿದ. ಮೂರನೆಯ ದಿನ ವರದಿ ಬಂತು. ರಕ್ತದಲ್ಲಿ ಸೋಂಕಿತ್ತು. ಅಷ್ಟು ಹೊತ್ತಿಗೆ ಮಗು ಹಾಲು ಕುಡಿಯುತ್ತಿತ್ತು.

ತಿಂಗಳಾದ ಮೇಲೆ ಮತ್ತೆ ಬಚ್ಚಲಲ್ಲಿ ಮಣೆ ಬಿತ್ತು. ಮೊದಲ ಚೊಂಬಿಗೇ ಮಗು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಅಜ್ಜಿ ಬಾಗಿಲಲ್ಲೇ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೆಲ್ಲಗೆ ಅನ್ನಲಿಲ್ಲವಲ್ಲ ಅಮ್ಮಾವ್ರೇ ಇವತ್ತು?"

"ಎರಿಯೇ, ಸುಮ್ಮನೆ ಎರಿ. ಇನ್ನೊಂದು ಚೊಂಬು ಎರಿ."

ಪಂಕಜಾಕ್ಷಿ ಕತೆ ನಿಲ್ಲಿಸಿದರು. ಅಲ್ಲೊಂದು ಕೂಸು ಮಲಗಿದೆ ಎಂಬಂತೆ ಅವರ ಕೈ ತಾನಾಗಿ ಮೊಣಕಾಲ ಮೇಲೆ ಹೋಗಿತ್ತು. "ನಮ್ಮಜ್ಜಿ ಇದನ್ನು ಹೇಳುವಾಗಲೆಲ್ಲ ಸಾಂಬ್ರಾಣಿ ಹೊಗೆಯ ವಾಸನೆ ಬರುತ್ತಿತ್ತು" ಎಂದರು. "ಮನೆಯಲ್ಲಿ ಯಾವುದಾದರೂ ಕೂಸು ಆಗತಾನೇ ಮಿಂದಿರುತ್ತಿತ್ತು."

ಇಂಚರ ಜೇಬಿನಿಂದ ಪುಟ್ಟ ಪುಸ್ತಕ ತೆಗೆದಳು. ಆರನೇ ತೊಟ್ಟಿಲಿನ ಮಗುವಿನ ಐದು ದಿನದ ತೂಕ, ಉಷ್ಣತೆ, ಎದೆಬಡಿತ ಎಲ್ಲವೂ ಅದರಲ್ಲಿದ್ದವು. ಪೆನ್ನು ತೆರೆದು ಕೇಳಿದಳು: "ಹಾಗಾದರೆ ಮೇಡಂ, ಮಗು ಅಳದೆ ಇರುವುದೇ ಮೊದಲ ಲಕ್ಷಣ ಅಂತ ಬರೆದುಕೊಳ್ಳಲೇ?"

"ಅದನ್ನು ಆಮೇಲೆ ಬರೆದುಕೋ, ಆರನೇ ತೊಟ್ಟಿಲಿನ ಮಗು ನಿನ್ನೆ ಹೇಗೆ ಅಳುತ್ತಿತ್ತು, ಮೊದಲು ಅದನ್ನು ಹೇಳು."